ಒಂದೇ ಟ್ಯೂಬು, ಮನೆಮಂದಿಗೆಲ್ಲ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ನನ್ನ ಗಂಡನಿಗೆ ತೊಡೆಸಂದಿಯಲ್ಲಿ ಒಂದು ವರ್ಷದಿಂದ ಹುಳುಕಡ್ಡಿ ಇದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ನಾಲ್ಕು ದಿನಕ್ಕೆ ಹೋಗುತ್ತೆ. ಬಿಟ್ಟರೆ ಮತ್ತೆ ಬರುತ್ತೆ, ಮೊದಲಿಗಿಂತ ಜಾಸ್ತಿ. ಈಗ ನನಗೂ ಸೊಂಟದ ಸುತ್ತ ಶುರುವಾಗಿದೆ. ಅವರ ಕಾಲಿನ ಹೆಬ್ಬೆರಳಿನ ಉಗುರು ಹಳದಿಯಾಗಿ ದಪ್ಪ ಆಗಿದೆ. ಆರು ವರ್ಷದ ಮಗನ ಕೆನ್ನೆಯಲ್ಲಿ ಬಿಳಿ ಮಚ್ಚೆ ಇದೆ, ಅದಕ್ಕೂ ಅದೇ ಟ್ಯೂಬ್ ಹಚ್ಚುತ್ತಿದ್ದೇನೆ. ಆಗಸ್ಟ್‌ನಲ್ಲಿ ನನಗೆ ಡೆಂಗಿ ಆಗಿತ್ತು. ಈಗ ನವೆಂಬರ್, ತಲೆ ಬಾಚಿದರೆ ಕೈತುಂಬ ಕೂದಲು. ಬಯೋಟಿನ್ ಮಾತ್ರೆ ತಗೊಳ್ತಿದ್ದೇನೆ. ಇಷ್ಟಕ್ಕೆಲ್ಲ ಚರ್ಮದ ಡಾಕ್ಟರ ಹತ್ತಿರ ಹೋಗಲೇಬೇಕಾ? ಹೋದರೆ ಸಾವಿರಾರು ರೂಪಾಯಿ ಖರ್ಚು ಅಂತಾರೆ.

ಉತ್ತರ: ಮಗನ ಕೆನ್ನೆಗೆ ಆ ಟ್ಯೂಬ್ ಹಚ್ಚುವುದನ್ನು ಇವತ್ತೇ ನಿಲ್ಲಿಸಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಟ್ಯೂಬಿನ ಹೆಸರು ನೀವು ಬರೆದಿಲ್ಲ. ಆದರೂ ಅದರೊಳಗೆ ಏನಿರಬಹುದು ಅಂತ ನಿಮ್ಮ ಪತ್ರವೇ ಹೇಳುತ್ತಿದೆ. ನಾಲ್ಕು ದಿನಕ್ಕೆ ತುರಿಕೆ ಮಾಯ, ಬಿಟ್ಟ ಕೂಡಲೇ ಮೊದಲಿಗಿಂತ ಜಾಸ್ತಿ ಅಂದರೆ ಅದು ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಆಗಿರುವ ಸಾಧ್ಯತೆಯೇ ಹೆಚ್ಚು. ಟ್ಯೂಬನ್ನು ತಿರುಗಿಸಿ, ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೋಲೋನ್, ಇವುಗಳಲ್ಲಿ ಯಾವುದೇ ಹೆಸರಿದ್ದರೂ ಅದು ಸ್ಟೀರಾಯ್ಡ್. ಅದರ ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆಂಟಿಬಯೋಟಿಕ್ ಕೂಡ ಇರುತ್ತದೆ. ಕಾಯಿಲೆ ಯಾವುದೇ ಆಗಿರಲಿ, ಯಾವುದಾದರೂ ಒಂದು ತಗುಲಲಿ ಅನ್ನುವ ಲೆಕ್ಕ ಅದು.

ಹುಳುಕಡ್ಡಿ, ಗಜಕರ್ಣ ಅಂತ ನಾವು ಕರೆಯುವ ಕಾಯಿಲೆ ಫಂಗಸ್‌ನಿಂದ ಬರುವಂಥದ್ದು. ಈ ಫಂಗಸ್‌ನ ಊಟ ಕೆರಾಟಿನ್ ಅನ್ನುವ ಪ್ರೋಟೀನು. ಚರ್ಮದ ಮೇಲ್ಪದರದಲ್ಲಿ, ಕೂದಲಲ್ಲಿ, ಉಗುರಲ್ಲಿ ಇರುವುದು ಇದೇ. ಹಾಗಾಗಿ ಮೂರರಲ್ಲಿ ಎಲ್ಲಿ ಬೇಕಾದರೂ ಅದು ಮನೆ ಮಾಡಿಕೊಳ್ಳಬಲ್ಲದು. ಫಂಗಸ್ ಬಂದ ಜಾಗದಲ್ಲಿ ಕೆಂಪಾಗುವುದು, ತುರಿಸುವುದು ನಮ್ಮ ದೇಹ ಅದರ ಜೊತೆ ಹೊಡೆದಾಡುತ್ತಿರುವ ಲಕ್ಷಣ. ಸ್ಟೀರಾಯ್ಡ್ ಮಾಡುವ ಕೆಲಸ ಆ ಹೊಡೆದಾಟವನ್ನು ನಿಲ್ಲಿಸುವುದು. ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ಗಲಾಟೆ ನಿಂತಿತು ಅಂತ ನೀವು ಮಲಗುತ್ತೀರಿ, ಒಳಗೆ ಕೆಲಸ ಆರಾಮಾಗಿ ನಡೆಯುತ್ತಿರುತ್ತದೆ. ಕ್ರೀಮ್ ಬಿಟ್ಟ ದಿನ ದೇಹ ಎಚ್ಚೆತ್ತು ನೋಡಿದರೆ ಒಂದು ಉಂಗುರ ಇದ್ದಲ್ಲಿ ಮೂರಾಗಿರುತ್ತವೆ.

ಹೀಗೆ ಒಂದು ವರ್ಷ ಹಚ್ಚಿದ ಚರ್ಮದಲ್ಲಿ ಹುಳುಕಡ್ಡಿಯ ಅಂಚು, ಆಕಾರ ಎಲ್ಲ ಕಲಸಿಹೋಗಿರುತ್ತದೆ. ಅನುಭವ ಇರುವ ಡಾಕ್ಟರಿಗೂ ಬರೀ ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ. ಅದಕ್ಕಿಂತ ಬೇಸರದ ಸಂಗತಿ ಅಂದರೆ, ತೊಡೆಸಂದಿಯ ಚರ್ಮ ಮೊದಲೇ ತೆಳು. ಅಲ್ಲಿ ಗಟ್ಟಿ ಸ್ಟೀರಾಯ್ಡ್ ಹಚ್ಚುತ್ತಾ ಹೋದರೆ ಹೆರಿಗೆ ಆದವರ ಹೊಟ್ಟೆ ಮೇಲೆ ಬರುವಂಥ ಸೀಳುಗೆರೆಗಳು ಬರುತ್ತವೆ. ಕಾಯಿಲೆ ವಾಸಿಯಾದರೂ ಆ ಗೆರೆ ಹೋಗುವುದಿಲ್ಲ. ಇಪ್ಪತ್ತು ದಾಟದ ಹುಡುಗರ ತೊಡೆಯಲ್ಲಿ ಬೆರಳಗಲದ ಗೆರೆಗಳನ್ನು ನೋಡುವುದು ಈಗ ನಮ್ಮಂಥ ಡಾಕ್ಟರುಗಳಿಗೆ ಮಾಮೂಲಿ ಆಗಿಬಿಟ್ಟಿದೆ. ನಿಮ್ಮ ಯಜಮಾನರಿಗೂ ಒಮ್ಮೆ ನೋಡಿಕೊಳ್ಳಲು ಹೇಳಿ.

2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14 ಔಷಧಿಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಕೌಂಟರಿನಲ್ಲಿ ಏನಾಗುತ್ತದೆ ಅನ್ನುವುದು ನಿಮಗೇ ಗೊತ್ತಿದೆ. ಅಂಗಡಿಯವರನ್ನೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ನಾಚಿಕೆಯ ಜಾಗದ ಕಾಯಿಲೆ ಅಂದರೆ ಜನ ಡಾಕ್ಟರಿಗೆ ತೋರಿಸುವ ಮೊದಲು ಅಂಗಡಿಯ ಮೂಲೆಯಲ್ಲಿ ಪಿಸುಗುಟ್ಟುತ್ತಾರೆ. ಗಂಡಸರಂತೂ ಇದರಲ್ಲಿ ಮುಂದೆ.

ಹಾಗಂತ ಸ್ಟೀರಾಯ್ಡ್ ಅಂದರೆ ವಿಷ ಅಂದುಕೊಳ್ಳಬೇಡಿ. ಇಸಬು, ಸೋರಿಯಾಸಿಸ್ ಇರುವವರಿಗೆ ಅದೇ ಸರಿಯಾದ ಔಷಧಿ. ಅಲ್ಲಿ ಡಾಕ್ಟರ್ ಬರೆದುಕೊಟ್ಟರೆ ಹೆದರಿ ಬಿಡಬೇಡಿ. ಫಂಗಸ್ ಮೇಲೆ ಹಚ್ಚುವುದು, ಮುಖಕ್ಕೆ ಬೆಳ್ಳಗಾಗಲಿ ಅಂತ ಹಚ್ಚುವುದು, ಇವೆರಡು ಮಾತ್ರ ತಪ್ಪು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರಿಗೆ ಬಿಸಿಲಿಗೆ ಹೋದರೆ ಉರಿ, ಕೆಂಪು, ಮೊಡವೆ, ಹೆಣ್ಣುಮಕ್ಕಳಿಗೆ ಕೆನ್ನೆ ಮೇಲೆ ಕೂದಲು. ಬಿಟ್ಟರೆ ಇನ್ನೂ ಉರಿ, ಹಾಗಾಗಿ ಬಿಡಲಾಗದೆ ಮತ್ತೆ ಹಚ್ಚುತ್ತಾರೆ. ಮುಖದ ಬಂಗು (ಕಂದು ಕಲೆ) ಹೋಗಲಿ ಅಂತ ಒಮ್ಮೆ ಬರೆದುಕೊಟ್ಟ ಕ್ರೀಮನ್ನು ಹಳೇ ಚೀಟಿ ಇಟ್ಟುಕೊಂಡು ವರ್ಷಗಟ್ಟಲೆ ತರಿಸುವವರಿಗೆ ಆಗುವುದೂ ಇದೇ.

ಈಗ ಚಿಕಿತ್ಸೆಯ ವಿಷಯ. ಚರ್ಮದ ಡಾಕ್ಟರ್ ಮೊದಲು ಮಾಡುವ ಪರೀಕ್ಷೆ ತುಂಬ ಸಣ್ಣದು. ಉಂಗುರದ ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದು, ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ಫಂಗಸ್ ಇದ್ದರೆ ಎಳೆ ಎಳೆಯಾಗಿ ಕಾಣುತ್ತದೆ. ನೋವಿಲ್ಲ, ರಕ್ತ ತೆಗೆಯುವುದಿಲ್ಲ, ಹೆಚ್ಚಿನ ಕಡೆ ಅವತ್ತೇ ಗೊತ್ತಾಗುತ್ತದೆ. ಆಮೇಲೆ ಹಚ್ಚಲು ಸ್ಟೀರಾಯ್ಡ್ ಇಲ್ಲದ ಕ್ರೀಮ್, ನಿಮ್ಮ ಯಜಮಾನರಂತೆ ಹಳೆಯ ಕಾಯಿಲೆ ಆಗಿದ್ದರೆ ನುಂಗಲು ಮಾತ್ರೆ.

ಕ್ರೀಮನ್ನು ಕೆಂಪು ಇರುವಷ್ಟು ಜಾಗಕ್ಕೆ ಮಾತ್ರ ಹಚ್ಚಿದರೆ ಸಾಲದು. ಕಣ್ಣಿಗೆ ಕಾಣುವ ಅಂಚಿನಿಂದ ಆಚೆಗೂ ಫಂಗಸ್ ಹರಡಿರುತ್ತದೆ. ಸುತ್ತಲೂ 2 ಸೆಂಟಿಮೀಟರ್ ಆಚೆಗೆ, ಚರ್ಮ ತಿಳಿಯಾದ ಮೇಲೂ ಕನಿಷ್ಠ 2 ವಾರ ಹಚ್ಚಬೇಕು. ಜನ ಸೋಲುವುದು ಇಲ್ಲಿಯೇ. ತುರಿಕೆ ಹೋಯಿತು ಅಂದರೆ ಕಾಯಿಲೆ ಹೋಯಿತು ಅಂತ ನಿಲ್ಲಿಸಿಬಿಡುತ್ತಾರೆ.

ಹಿಂದೆ ಎರಡು ನಾಲ್ಕು ವಾರದಲ್ಲಿ ಹೋಗುತ್ತಿದ್ದ ಕಾಯಿಲೆಗೆ ಈಗ ಎಷ್ಟೋ ಜನರಿಗೆ ಆರು, ಎಂಟು ವಾರ ಔಷಧಿ ಬೇಕಾಗುತ್ತಿದೆ, ಕೆಲವರಿಗೆ ಇನ್ನೂ ಜಾಸ್ತಿ. ನಮ್ಮಲ್ಲಿ ಈಗ ಹರಡಿರುವ ಫಂಗಸ್ ತಳಿಗೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ನಮ್ಮ ದೇಶದ ಹೆಸರು ಅದಕ್ಕೆ ಅಂಟಿಕೊಂಡಿದ್ದು ಇಲ್ಲಿನ ಡಾಕ್ಟರುಗಳಿಗೆ ಅಷ್ಟೇನೂ ಇಷ್ಟವಾಗಲಿಲ್ಲ ಬಿಡಿ. ಟರ್ಬಿನಾಫಿನ್ ಅನ್ನುವ ಹಳೆಯ ನಂಬಿಕೆಯ ಔಷಧಿಗೆ ಇದು ಅನೇಕರಲ್ಲಿ ಬಗ್ಗುತ್ತಿಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲೂ ಪತ್ತೆಯಾಯಿತು. ವಿದೇಶದಲ್ಲಿರುವ ಕನ್ನಡಿಗರು ಅಲ್ಲಿನ ಡಾಕ್ಟರಿಗೆ ತೋರಿಸುವಾಗ ಊರಿಗೆ ಹೋಗಿ ಬಂದಿದ್ದನ್ನು, ಊರಿಂದ ತಂದ ಟ್ಯೂಬ್ ಹಚ್ಚಿದ್ದನ್ನು ತಪ್ಪದೆ ಹೇಳಬೇಕು. ಇಲ್ಲದಿದ್ದರೆ ಅವರು ಅದನ್ನು ಎಕ್ಸಿಮಾ (ಇಸಬು) ಅಂದುಕೊಂಡು ಮತ್ತೆ ಸ್ಟೀರಾಯ್ಡೇ ಕೊಡಬಹುದು.

ಟರ್ಬಿನಾಫಿನ್ ಬದಲು ಇಟ್ರಾಕೊನಜೋಲ್ ಕ್ಯಾಪ್ಸೂಲ್ ಬರೆದುಕೊಟ್ಟರೆ ಅದನ್ನು ಊಟ ಆದ ತಕ್ಷಣ ತಗೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಬೇಡ. ಹೊಟ್ಟೆಯಲ್ಲಿ ಆಸಿಡ್ ಇದ್ದರೆ ಮಾತ್ರ ಅದು ಸರಿಯಾಗಿ ಮೈಗೆ ಹತ್ತುವುದು. ಗ್ಯಾಸ್ಟ್ರಿಕ್ ಅಂತ ಬೆಳಗ್ಗೆ ಎದ್ದ ಕೂಡಲೇ ಒಂದು ಮಾತ್ರೆ ನುಂಗುವ ಅಭ್ಯಾಸ ನಮ್ಮವರಲ್ಲಿ ತುಂಬ ಜನಕ್ಕಿದೆ, ಅಲ್ವಾ? ಆ ಮಾತ್ರೆ ಇದರ ಕೆಲಸ ಕೆಡಿಸುತ್ತದೆ. ಹಾರ್ಟ್ ತೊಂದರೆ ಇದ್ದರೆ, ಕೊಲೆಸ್ಟರಾಲ್ ಮಾತ್ರೆ ತಗೊಳ್ಳುತ್ತಿದ್ದರೆ, ಲಿವರ್ ಸಮಸ್ಯೆ ಇದ್ದರೆ ಮುಚ್ಚಿಡದೆ ಹೇಳಿ. ಕುಡಿಯುವ ಅಭ್ಯಾಸ ಇದ್ದರೂ ಅಷ್ಟೇ. ಡಾಕ್ಟರ್ ಬುದ್ಧಿ ಹೇಳುತ್ತಾರೆ ಅಂತ ಹೆದರಿ ಸುಳ್ಳು ಹೇಳಿದರೆ ಲಿವರ್ ಸುಮ್ನೆ ಇರುವುದಿಲ್ಲ. ನೀವು ಗರ್ಭಿಣಿ ಆಗಿದ್ದರೆ ಅಥವಾ ಮಗುವಿಗೆ ಪ್ಲಾನ್ ಮಾಡುತ್ತಿದ್ದರೆ ಅದನ್ನು ಮೊದಲೇ ಹೇಳಿ, ನಿಮಗೆ ಕೊಡುವ ಔಷಧಿಯೇ ಬೇರೆ ಆಗುತ್ತದೆ. ಯಜಮಾನರಿಗೆ ಒಮ್ಮೆ ಶುಗರ್ ಕೂಡ ನೋಡಿಸಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಿಗೆ ಫಂಗಸ್ ಪದೇಪದೇ ಬರುತ್ತದೆ.

ನಿಮಗೆ ಸೊಂಟದ ಸುತ್ತ ಬಂದಿದೆ ಅಂದಿದ್ದೀರಿ. ಲಂಗದ ಲಾಡಿ ಬಿಗಿಯಾಗಿ ಕೂರುವ ಜಾಗ ಅದು. ಬೆವರು ಅಲ್ಲೇ ನಿಲ್ಲುತ್ತದೆ. ಗಂಡಸರಿಗೆ ಅದೇ ಜಾಗದಲ್ಲಿ ಉಡಿದಾರ. ವರ್ಷಗಟ್ಟಲೆ ಬದಲಾಯಿಸದ, ಸ್ನಾನ ಆದ ಮೇಲೂ ಗಂಟೆಗಟ್ಟಲೆ ಒದ್ದೆಯಾಗಿರುವ ದಾರ. ತೆಗೆಯಿರಿ ಅಂದರೆ ಮನೆಯ ಹಿರಿಯರಿಗೆ ಬೇಜಾರಾಗುತ್ತದೆ, ಗೊತ್ತು. ವಾಸಿಯಾಗುವ ತನಕ ತೆಗೆದಿಟ್ಟು ಆಮೇಲೆ ಹೊಸದು ಕಟ್ಟಿಕೊಳ್ಳಲಿ. ಆಗುವುದೇ ಇಲ್ಲ ಅಂದರೆ ಬೆಳ್ಳಿಯದು ಹಾಕಿಕೊಳ್ಳಲಿ, ಅದನ್ನು ಒರೆಸಿ ಒಣಗಿಸಬಹುದು.

ಮನೆಯಲ್ಲಿ ಕಾಯಿಲೆ ಇರುವ ಎಲ್ಲರೂ ಒಟ್ಟಿಗೆ ಔಷಧಿ ಮಾಡಬೇಕು. ಒಬ್ಬರು ವಾಸಿಯಾಗಿ ಇನ್ನೊಬ್ಬರು ಉಳಿದರೆ ಅದು ಸುತ್ತುತ್ತಲೇ ಇರುತ್ತದೆ. ಟವೆಲ್, ಸೋಪು, ಹಾಸಿಗೆ ಬಟ್ಟೆ ಬೇರೆ ಬೇರೆ ಇರಲಿ. ಒಳಬಟ್ಟೆ, ಟವೆಲ್‌ಗಳನ್ನು ಬಿಸಿನೀರಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ನಿಮ್ಮ ಕಡೆ ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು ಅಂತ ಕೇಳಬಹುದು. ಆಗ ಇಸ್ತ್ರಿ ಪೆಟ್ಟಿಗೆಯೇ ಗತಿ. ಅರೆಒದ್ದೆ ಬಟ್ಟೆ ಮಾತ್ರ ಹಾಕಿಕೊಳ್ಳಬೇಡಿ. ಇಡೀ ದಿನ ಬಿಗಿ ಜೀನ್ಸ್ ಹಾಕುವವರು ಮನೆಗೆ ಬಂದ ಕೂಡಲೇ ಬದಲಾಯಿಸಿ, ಮೈ ಒರೆಸಿಕೊಂಡು ಪಂಚೆಯೋ ಸಡಿಲ ಕಾಟನ್ ಬಟ್ಟೆಯೋ ಉಡಲಿ. ಬೆಳ್ಳುಳ್ಳಿ ಅರೆದು ಹಚ್ಚುವುದು, ಸುಣ್ಣ ಹಚ್ಚುವುದು, ಡೆಟಾಲನ್ನು ನೀರು ಬೆರೆಸದೆ ಸುರಿಯುವುದು ಬೇಡ. ಇವುಗಳಿಂದ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ.

ಇನ್ನು ಹೆಬ್ಬೆರಳಿನ ಉಗುರು. ಇದನ್ನು ನೀವು ಕೊನೆಯಲ್ಲಿ ಬರೆಯದೆ ಮಧ್ಯದಲ್ಲೇ ಬರೆದದ್ದು ಒಳ್ಳೆಯದಾಯಿತು. ಹೆಚ್ಚಿನವರು ಹೇಳುವುದೇ ಇಲ್ಲ, ಸಾಕ್ಸ್ ಬಿಚ್ಚಿ ಅಂದಾಗಲೇ ನಮಗೆ ಗೊತ್ತಾಗುವುದು. ಆ ಉಗುರಿನಲ್ಲಿ ಫಂಗಸ್ ಇದ್ದರೆ ತೊಡೆಸಂದಿಯ ಕಾಯಿಲೆಗೆ ಅದು ಗೋದಾಮು. ಚಡ್ಡಿ ಹಾಕುವಾಗ ಅದು ಕಾಲ್ಬೆರಳಿಗೆ ತಾಗಿಕೊಂಡೇ ಮೇಲೆ ಹೋಗುತ್ತದೆ. ಹಾಗಾಗಿ ಒಂದು ಸಣ್ಣ ಉಪಾಯ: ಮೊದಲು ಸಾಕ್ಸ್ ಹಾಕಿ, ಆಮೇಲೆ ಒಳಉಡುಪು ಹಾಕಲಿ. ನಗು ಬರಬಹುದು, ಆದರೆ ಕೆಲಸ ಮಾಡುತ್ತದೆ.

ದಪ್ಪ, ಹಳದಿ ಉಗುರೆಲ್ಲ ಫಂಗಸ್ ಅಲ್ಲ. ಬಿಗಿ ಶೂ ಒತ್ತಿ ಒತ್ತಿ ಹಾಗಾಗುತ್ತದೆ, ಸೋರಿಯಾಸಿಸ್‌ನಲ್ಲೂ ಆಗುತ್ತದೆ. ಅದಕ್ಕೇ ಉಗುರಿನ ತುಣುಕು ಪರೀಕ್ಷೆ ಮಾಡದೆ ತಿಂಗಳುಗಟ್ಟಲೆ ಮಾತ್ರೆ ಶುರು ಮಾಡುವುದು ನನಗೆ ಒಪ್ಪಿಗೆ ಇಲ್ಲ. ಪರೀಕ್ಷೆಗೆ ಹೋಗುವ ಮುಂಚೆ ಉಗುರನ್ನು ತೀರಾ ಗಿಡ್ಡ ಕತ್ತರಿಸಬೇಡಿ, ಕತ್ತರಿಸಲು ಡಾಕ್ಟರಿಗೆ ಏನಾದರೂ ಉಳಿಸಿ. ಫಂಗಸ್ ಅಂತ ಖಚಿತವಾದರೆ ಕಾಲಿನ ಉಗುರಿಗೆ ಸಾಮಾನ್ಯವಾಗಿ 3 ತಿಂಗಳು ಮಾತ್ರೆ ಇರುತ್ತದೆ. ಮಾತ್ರೆ ಮುಗಿದ ದಿನವೂ ಉಗುರು ಕೆಟ್ಟದಾಗಿಯೇ ಕಾಣುತ್ತಿರುತ್ತದೆ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಒಂದು, ಒಂದೂವರೆ ಮಿಲಿಮೀಟರ್ ಅಷ್ಟೇ. ಹೆಬ್ಬೆರಳಿನದು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಬುಡದಲ್ಲಿ ತಿಳಿಯಾದ ಹೊಸ ಉಗುರು ಬರುತ್ತಿದೆಯಾ ಅಂತ ಮಾತ್ರ ನೋಡುತ್ತಿರಿ. ನೇಲ್ ಕಟರ್ ಅವರಿಗೇ ಬೇರೆ ಇರಲಿ.

ಉಗುರಿನ ಮಾತು ಬಂದಾಗ ಇನ್ನೊಂದು. ಒಂದೇ ಒಂದು ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ ಹೊಸದಾಗಿ ಬಂದು ಅಗಲವಾಗುತ್ತಾ ಹೋದರೆ, ಕಪ್ಪು ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹರಡಿದರೆ ತಡ ಮಾಡದೆ ತೋರಿಸಿ. ನಮ್ಮ ಮೈಬಣ್ಣದವರಿಗೆ ಹಲವು ಉಗುರುಗಳಲ್ಲಿ ತೆಳು ಗೆರೆ ಇರುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಆದರೆ ಒಂಟಿ ಗೆರೆ ಬದಲಾಗುತ್ತಿದ್ದರೆ ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ.

ಮಗನ ಕೆನ್ನೆಯ ಮಚ್ಚೆಯನ್ನು ನೋಡದೆ ಖಚಿತವಾಗಿ ಹೇಳುವುದಿಲ್ಲ. ಆದರೆ ಆ ವಯಸ್ಸಿನ ಮಕ್ಕಳ ಕೆನ್ನೆಯಲ್ಲಿ ಮಾಸಲು ಬಿಳಿ, ಸ್ವಲ್ಪ ಒರಟು, ಅಂಚು ಸ್ಪಷ್ಟ ಇಲ್ಲದ ಮಚ್ಚೆ ಅಂದರೆ ಹೆಚ್ಚಾಗಿ ಅದು ಒಣ ಚರ್ಮದ ತೊಂದರೆ. ಪಿಟಿರಿಯಾಸಿಸ್ ಆಲ್ಬಾ ಅಂತಾರೆ. ಹೊಟ್ಟೆಯಲ್ಲಿ ಜಂತುಹುಳ ಇದೆ, ಕ್ಯಾಲ್ಸಿಯಂ ಕಡಿಮೆ ಆಗಿದೆ ಅಂತ ಅಜ್ಜಿಯರು ಹೇಳುವುದು ಈ ಮಚ್ಚೆಯನ್ನೇ. ಎರಡಕ್ಕೂ ಇದಕ್ಕೂ ಸಂಬಂಧ ಇಲ್ಲ. ಸ್ನಾನ ಆದ ಕೂಡಲೇ ಮಾಯಿಶ್ಚರೈಸರ್ ಹಚ್ಚುತ್ತಾ ಬಿಸಿಲಿನಿಂದ ಕಾಪಾಡಿದರೆ ಸಾಕು. ಬಣ್ಣ ಮರಳಲು ತಿಂಗಳುಗಳು ಹಿಡಿಯುತ್ತವೆ. ಆದರೆ ಮಚ್ಚೆ ಸುಣ್ಣದಷ್ಟು ಬಿಳಿ ಇದ್ದರೆ ತೊನ್ನು ಇರಬಹುದು. ಉಂಗುರದ ಹಾಗೆ ಅಂಚು ಎದ್ದು ತುರಿಸುತ್ತಿದ್ದರೆ ಹುಳುಕಡ್ಡಿ. ಮಚ್ಚೆಯ ಮೇಲೆ ಸ್ಪರ್ಶ ಕಡಿಮೆ ಅನಿಸಿದರೆ ಕುಷ್ಠ ಇದೆಯಾ ಅಂತ ನೋಡಲೇಬೇಕು. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ವಿಧವನ್ನು ನೋಡಿಕೊಂಡು 6 ಅಥವಾ 12 ತಿಂಗಳಲ್ಲಿ ಮುಗಿಯುತ್ತದೆ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ನಾಲ್ಕು ಬೇರೆ ಬೇರೆ ಕಾಯಿಲೆ ಹೀಗೆ ಒಂದೇ ಥರ ಕಾಣಬಹುದು. ಹಾಗಿದ್ದಾಗ ಅಪ್ಪನ ತೊಡೆಯ ಟ್ಯೂಬು ಮಗನ ಕೆನ್ನೆಗೆ ಹೇಗೆ ಸರಿಹೋಗುತ್ತದೆ?

ನಿಮ್ಮ ಕೂದಲ ವಿಷಯದಲ್ಲಿ ಮಾತ್ರ ಒಳ್ಳೆಯ ಸುದ್ದಿ ಇದೆ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಹತ್ತರಲ್ಲಿ ಒಂಬತ್ತರಷ್ಟು ಬೆಳೆಯುತ್ತಿರುತ್ತವೆ, ಉಳಿದವು ಎರಡು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತವೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಹೀಗೇ. ಡೆಂಗಿ, ಟೈಫಾಯಿಡ್‌ನಂಥ ಜ್ವರ, ಹೆರಿಗೆ, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇಂಥದ್ದೇನಾದರೂ ಆದಾಗ ಬೆಳೆಯುತ್ತಿದ್ದ ಕೂದಲಲ್ಲಿ ತುಂಬ ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತವೆ. ಉದುರುವುದು ಮಾತ್ರ ಎರಡು ಮೂರು ತಿಂಗಳ ನಂತರ. ಆಗಸ್ಟ್ ಡೆಂಗಿಗೆ ನವೆಂಬರ್ ಕೂದಲು, ಲೆಕ್ಕ ಸರಿಯಾಗಿಯೇ ಇದೆ. ಜ್ವರ ಮರೆತುಹೋದ ಸಮಯಕ್ಕೆ ಉದುರುವುದರಿಂದ ಜನ ನೀರನ್ನೋ, ಹೊಸ ಶಾಂಪೂವನ್ನೋ ಬೈಯುತ್ತಾರೆ. ಬೋರ್‌ವೆಲ್ ಗಡಸು ನೀರಿನಿಂದ ಕೂದಲು ಒರಟಾಗಬಹುದು, ಮಧ್ಯದಲ್ಲಿ ತುಂಡಾಗಬಹುದು. ಹೀಗೆ ಬುಡಸಮೇತ ಗೊಂಚಲಾಗಿ ಬರುವುದು ಅದರಿಂದಲ್ಲ.

ನಿಮ್ಮ ಕೈಬೆರಳಿನ ಉಗುರುಗಳನ್ನೂ ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಅಡ್ಡಡ್ಡ ಒಂದು ತಗ್ಗು ಗೆರೆ ಕಾಣಬಹುದು. ಜ್ವರ ಬಂದಾಗ ಉಗುರು ಸಹ ಸ್ವಲ್ಪ ದಿನ ಬೆಳೆಯುವುದನ್ನು ನಿಲ್ಲಿಸಿರುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಗೆರೆ ಬುಡದಿಂದ ಎಷ್ಟು ದೂರ ಇದೆ ಅಂತ ಅಳೆದರೆ ಜ್ವರ ಯಾವ ತಿಂಗಳಲ್ಲಿ ಬಂದಿತ್ತು ಅಂತ ಹೇಳಿಬಿಡಬಹುದು. ಎಷ್ಟೋ ಸಲ ರೋಗಿಗೆ ನೆನಪಿಲ್ಲದ ಜ್ವರವನ್ನು ನಾವು ಹಿಡಿಯುವುದು ಹೀಗೆ.

ಈ ಥರ ಉದುರಿದ ಕೂದಲು ಮತ್ತೆ ಬರುತ್ತದೆ. ಮೂರರಿಂದ ಆರು ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ, ಮೊದಲಿನಷ್ಟು ದಟ್ಟ ಕಾಣಲು ಇನ್ನೂ ಸ್ವಲ್ಪ ಸಮಯ. ಪಿಆರ್‌ಪಿ ಇಂಜೆಕ್ಷನ್ (ನಮ್ಮದೇ ರಕ್ತದ ಅಂಶವನ್ನು ತಲೆಗೆ ಚುಚ್ಚುವುದು), ಈರುಳ್ಳಿ ಎಣ್ಣೆ, ಕೂದಲಿಗೆ ಅಂತ ಮಾರುವ ಗಮ್ಮಿ ಮಿಠಾಯಿ ಯಾವುದೂ ಬೇಡ. ಬಯೋಟಿನ್ ಒಂದು ವಿಟಮಿನ್, ಅದರ ಕೊರತೆ ಸರಿಯಾಗಿ ಊಟ ಮಾಡುವವರಲ್ಲಿ ತೀರಾ ಅಪರೂಪ. ಇನ್ನೊಂದು ತೊಂದರೆ ಇದೆ: ಜಾಸ್ತಿ ಬಯೋಟಿನ್ ತಗೊಳ್ಳುತ್ತಿದ್ದರೆ ಥೈರಾಯ್ಡ್‌ನಂಥ ಕೆಲವು ರಕ್ತ ಪರೀಕ್ಷೆಗಳು ತಪ್ಪು ತೋರಿಸಬಹುದು. ನಿಮಗೆ ಈಗ ಬೇಕಾಗಿರುವುದೇ ಆ ಪರೀಕ್ಷೆ. ಹಾಗಾಗಿ ರಕ್ತ ಕೊಡುವ ಮೊದಲು ಅದನ್ನು ನಿಲ್ಲಿಸಿ, ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ಇಷ್ಟು ನೋಡಿಸಿದರೆ ಬಹುಮಟ್ಟಿಗೆ ಸಾಕು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವುದು ತುಂಬ ಸಾಮಾನ್ಯ. ಅದನ್ನು ಸರಿಮಾಡದೆ ಏನು ಹಚ್ಚಿದರೂ ಪ್ರಯೋಜನ ಕಡಿಮೆ.

ಆರು ತಿಂಗಳಾದರೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಾ ಹೋದರೆ, ನಾಣ್ಯದಷ್ಟು ಬೋಳು ಜಾಗ ಕಂಡರೆ ಕಥೆ ಬೇರೆ. ಬೈತಲೆ ಅಗಲವಾಗುವವರಿಗೆ ಮಿನಾಕ್ಸಿಡಿಲ್ ಕೊಡುತ್ತೇವೆ. ಹಚ್ಚಲು ಶುರು ಮಾಡಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರುತ್ತದೆ, ಹೆದರಿ ಬಿಡುವವರೇ ಜಾಸ್ತಿ. ಅದು ಮೊದಲಿಗೆ ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆ ಕೂದಲು ಬರುವುದನ್ನು ಕಂಡು ತಲೆಗೆ ತಂದರು. ಎಣ್ಣೆ ಹಚ್ಚುವುದು ನಿಮ್ಮ ಇಷ್ಟ, ಕೂದಲು ನುಣುಪಾಗುತ್ತದೆ. ತಲೆಹೊಟ್ಟು ಇರುವವರು ಮಾತ್ರ ರಾತ್ರಿಯಿಡೀ ಎಣ್ಣೆ ಬಿಡಬೇಡಿ, ಹೊಟ್ಟಿಗೆ ಕಾರಣವಾದ ಯೀಸ್ಟ್‌ಗೆ ಎಣ್ಣೆಯಂಶವೇ ಆಹಾರ.

ಇನ್ನು ಖರ್ಚು. ನಿಮ್ಮ ಭಯ ಸುಳ್ಳಲ್ಲ. ಹುಳುಕಡ್ಡಿಗೆ ಹೋದವರ ಕೈಗೆ ಫೇಸ್‌ವಾಶು, ಸೀರಮ್ಮು, ಸಪ್ಲಿಮೆಂಟು ಸೇರಿಸಿ ಉದ್ದ ಚೀಟಿ ಕೊಡುವವರು ಇದ್ದಾರೆ. "ಇದರಲ್ಲಿ ಕಾಯಿಲೆಗೆ ಬೇಕಾದದ್ದು ಯಾವುದು, ಬೇಕಾದರೆ ಮಾತ್ರ ತಗೊಳ್ಳಬಹುದಾದದ್ದು ಯಾವುದು?" ಅಂತ ನೇರವಾಗಿ ಕೇಳಿ. ಒಳ್ಳೆಯ ಡಾಕ್ಟರಿಗೆ ಆ ಪ್ರಶ್ನೆಯಿಂದ ಕೋಪ ಬರುವುದಿಲ್ಲ. ಬೋರ್ಡಿನಲ್ಲಿ ಚರ್ಮರೋಗದ ಎಂಡಿ, ಡಿಎನ್‌ಬಿ ಅಥವಾ ಡಿವಿಡಿ ಡಿಪ್ಲೊಮಾ ಇದೆಯಾ ನೋಡಿ. ಬರೀ "ಸ್ಕಿನ್ ಅಂಡ್ ಹೇರ್ ಎಕ್ಸ್‌ಪರ್ಟ್" ಅಂತಿದ್ದರೆ ವೈದ್ಯಕೀಯ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಕೇಳಿ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗ ಇರುತ್ತದೆ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲು ಕಿಮ್ಸ್ ಅಂತಿದ್ದದ್ದು) ಹಾಗೆ. ನಿಮಗೆ ಹತ್ತಿರದ್ದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಕಾಯುವುದು ಸ್ವಲ್ಪ ಜಾಸ್ತಿ, ದುಡ್ಡು ತುಂಬ ಕಡಿಮೆ. ಒಂದು ವರ್ಷದಿಂದ ಟ್ಯೂಬಿಗೆ ಕೊಟ್ಟ ದುಡ್ಡನ್ನು ಕೂಡಿಸಿ ನೋಡಿ, ಡಾಕ್ಟರ ಫೀಸು ದೊಡ್ಡದು ಅನಿಸಲಿಕ್ಕಿಲ್ಲ.

ಮೂವರೂ ಒಟ್ಟಿಗೆ ಹೋಗಿ. ಯಜಮಾನರು ಹೋಗುವ ಮೊದಲು ನಾಲ್ಕೈದು ದಿನ ಏನೂ ಹಚ್ಚದೆ ಇರಲಿ. ತುರಿಕೆ ಜೋರಾಗುತ್ತದೆ, ತಣ್ಣೀರ ಬಟ್ಟೆ ಇಟ್ಟು ತಡೆದುಕೊಳ್ಳಲಿ. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ನಿಮ್ಮ ಡೆಂಗಿ ರಿಪೋರ್ಟು, ಬಯೋಟಿನ್ ಡಬ್ಬಿಯೂ ಜೊತೆಗಿರಲಿ. ಮತ್ತೆ ಬರಲು ಹೇಳಿದ ದಿನ, ತುರಿಕೆ ಪೂರ್ತಿ ಹೋಗಿದ್ದರೂ ಹೋಗಿ ತೋರಿಸಿ. ಮಾತ್ರೆ ನಿಲ್ಲಿಸಬಹುದಾ ಅಂತ ಡಾಕ್ಟರ್ ನೋಡುವುದು ಅವತ್ತೇ.